ಕರಿಗುಡ್ಡದ ರಣಘೋಷ

ಕಂತು ೯

ಶ್ರೀಲಕ್ಷ್ಮಿ ಮೇಡಂ ಚಹಾದ ಕಪ್ಪನ್ನು ನನ್ನ ಮುಂದಿಟ್ಟು, ಸಕ್ಕರೆ ಎಷ್ಟು ಚಮಚ ಎಂದು ಕೇಳಿದರು. ನನಗೆ ಚಹಾ ಬೇಕಿರಲಿಲ್ಲ. ಆ ಮನೆಯ ಹೊಸ್ತಿಲು ದಾಟಿದಾಗಿನಿಂದ ನನ್ನ ಮೂಗು ಬೇರೆಯದೇ ಕೆಲಸಕ್ಕೆ ಹತ್ತಿತ್ತು.

ಬಜೆಯ ವಾಸನೆ. ನಮ್ಮ ಕಡೆ ಹಸುಗೂಸಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದೇ ಬೇರು. ಲೋಧಿ ಕಾಲೋನಿಯ ಈ ಕ್ವಾರ್ಟರ್ಸಿನಲ್ಲಿ ಇರುವವರು ಇಬ್ಬರೇ, ಎಪ್ಪತ್ತು ದಾಟಿದ ತಾಯಿ ಮತ್ತು ಮದುವೆಯ ಗೊಡವೆಗೇ ಹೋಗದ ಅಧಿಕಾರಿ ಮಗ. ಇಲ್ಲಿ ಬಜೆ ನೆಕ್ಕುವ ಕೂಸು ಯಾವುದು?

ದಿಲ್ಲಿಯಲ್ಲಿ ಬಜೆಯನ್ನು ಕೂಸಿಗಲ್ಲದೆ ಪುಸ್ತಕಕ್ಕೆ ಬಳಸುವ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬರೇ. ಮಲ್ಲಿಕಾರ್ಜುನ ಇನಾಮದಾರ. ಮೂವತ್ತೊಂದು ವರ್ಷಗಳಿಂದ ಒಂದು ಖಾಸಗಿ ಗ್ರಂಥಭಂಡಾರದಲ್ಲಿ ಹಳೆಯ ದಾಖಲೆಗಳನ್ನು ಕಾಯುತ್ತಿದ್ದಾರೆ. ನುಸಿಗುಳಿಗೆ ಅವರಿಗೆ ಆಗದು. ಹುಳ ಹಿಡಿಯದಿರಲಿ ಎಂದು ಒಂದೊಂದು ಡಬ್ಬಿಯಲ್ಲೂ ಹತ್ತಿಬಟ್ಟೆಯಲ್ಲಿ ಕಟ್ಟಿದ ಬಜೆಯ ಚೂರು ಇಡುತ್ತಾರೆ.

ಕ್ಯಾಪ್ಟನ್ ಥಾರ್ನ್‌ಬಿಯ ಕೈಬರಹದ ಟಿಪ್ಪಣಿ ಪುಸ್ತಕ ಆ ಭಂಡಾರದಿಂದ ಮಾಯವಾದದ್ದು ಗುರುವಾರ ಗೊತ್ತಾಗಿತ್ತು. ನಾಳೆ, ಸೋಮವಾರ, ಬೆಳಗ್ಗೆ ಹತ್ತರೊಳಗೆ ಅದು ವಾಪಸು ಬರದಿದ್ದರೆ ಇನಾಮದಾರರನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಆಡಳಿತ ಮಂಡಳಿ ಬರೆದುಕೊಟ್ಟಿತ್ತು.

“ಎರಡು ಚಮಚ,” ಎಂದೆ. ಸಿಟ್ಟು ಬಂದಾಗ ನನಗೆ ಸಿಹಿ ಬೇಕು.

ಕೇಂದ್ರ ಸರ್ಕಾರದ ವಿಜಿಲೆನ್ಸ್ ವಿಭಾಗವೊಂದರಲ್ಲಿ ಇಪ್ಪತ್ತಾರು ವರ್ಷ ಕಡತ ತಿರುವಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಲಕ್ಷ್ಮೀ ನಗರದ ಒಂದು ಕೋಚಿಂಗ್ ಸೆಂಟರಿನ ಮೇಲಿನ ಕೋಣೆಗೆ ಪತ್ತೇದಾರಿಯ ಬೋರ್ಡು ಹಾಕಿದವಳು ನಾನು. ವಾಸಂತಿಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಆಡಿಕೊಳ್ಳುತ್ತಿದ್ದರು. ಇವತ್ತು ಆ ಮೂಗೇ ಉಪಯೋಗಕ್ಕೆ ಬಂದಿತ್ತು.

ಆದರೆ ವಾಸನೆಯನ್ನು ಜೇಬಿನಲ್ಲೇ ಇಟ್ಟುಕೊಂಡೆ. ಮೊದಲು ಚೀಲದಿಂದ ಆ ಸಾಹೇಬನ ಅಚ್ಚಾದ ಕಾದಂಬರಿ ತೆಗೆದು ಮೇಜಿನ ಮೇಲಿಟ್ಟೆ.

“ಮೇಡಂ, ಬೈಡರೀ ಅಂದ್ರೆ ಏನು?”

ಶ್ರೀಲಕ್ಷ್ಮಿ ಮೇಡಂ ಕನ್ನಡಕ ಸರಿಮಾಡಿಕೊಂಡರು. ನಲವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಅವಸರ ಎಂಬುದು ಅವರಿಗೆ ಗೊತ್ತಿಲ್ಲ. ಅದನ್ನು ಪುಸ್ತಕದ ಕೊನೆಯ ಪದಕೋಶದಲ್ಲಿ ಬರೆದಿದ್ದೇನಲ್ಲ ಎಂದರು. ಗುಡ್ಡಗಾಡು ಜನರ ರಣಘೋಷ, ಮೂಲ ಅಸ್ಪಷ್ಟ, ಬಹುಶಃ ಯಾವುದೋ ಉಗ್ರದೇವತೆಯ ಹೆಸರು.

ಥಾರ್ನ್‌ಬಿಯನ್ನು ಓದದವರಿಗೆ ಇಷ್ಟು ಹೇಳಿದರೆ ಸಾಕು. ಸಾವಿರದ ಎಂಟುನೂರ ಐವತ್ತೆಂಟರಲ್ಲಿ ಆ ಸಾಹೇಬ ನಲವತ್ತು ಸಿಪಾಯಿಗಳನ್ನು ಕಟ್ಟಿಕೊಂಡು ಬಿಜಾಪುರದ ಕಡೆಯ ಕರಿಗುಡ್ಡ ಎಂಬ ಹಳ್ಳಿಗೆ ಆಯುಧ ಕಿತ್ತುಕೊಳ್ಳಲು ಹೋದ. ವಿಲಾಯಿತಿಗೆ ವಾಪಸಾಗಿ ಅದನ್ನೇ ಸಾಹಸ ಕಾದಂಬರಿ ಮಾಡಿದ. ಊರಿನ ಹೆಸರು ಅವನ ಬಾಯಲ್ಲಿ ‘ಕ್ಯಾರಿಗುಡ್’ ಆಯಿತು. ಹೊಂಗೂದಲಿನ ಒಬ್ಬ ಕ್ಯಾಪ್ಟನ್. ಕತ್ತಿ ಝಳಪಿಸುತ್ತ ‘ಬೈಡರೀ, ಬೈಡರೀ’ ಎಂದು ಊಳಿಡುತ್ತ ಗುಡ್ಡ ಇಳಿಯುವ ಮುನ್ನೂರು ಕಪ್ಪು ಕಾಡುಜನ. ಸಂಜೆಯೊಳಗೆ ಎಲ್ಲರೂ ನೆಲಕ್ಕೆ. ಕೊನೆಯ ಪುಟದಲ್ಲಿ ನಂಬಿಗಸ್ತ ಮುನ್ಷಿ, ಅಂದರೆ ಸಾಹೇಬನ ದುಭಾಷಿ, ಬಂದು ಸಾಹೇಬನ ಬೂಟಿಗೆ ಹಣೆ ಹಚ್ಚುತ್ತಾನೆ. ನೂರೈವತ್ತು ವರ್ಷ ಲೋಕದ ಹುಡುಗರೆಲ್ಲ ದಿಂಬಿನಡಿ ಇಟ್ಟುಕೊಂಡು ಓದಿದ ಪುಸ್ತಕ. ಈಗ ಅದಕ್ಕೆ ಚಿನ್ನದಂಚಿನ ಹೊಸ ಆವೃತ್ತಿ, ಜೊತೆಗೆ ಗುರುಗ್ರಾಮದ ಕಂಪನಿಯೊಂದರ ವೆಬ್ ಸರಣಿ. ಆವೃತ್ತಿಯ ಸಂಪಾದಕಿ ಶ್ರೀಲಕ್ಷ್ಮಿ ಮೇಡಂ.

ಆ ಪುಸ್ತಕ ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೆ ಹಳೆಯ ಕಾರಣವಿದೆ.

ನಾನು ಇದೇ ಲೋಧಿ ಕಾಲೋನಿಯಲ್ಲಿ ಬೆಳೆದವಳು. ಅಪ್ಪ ಮೈಸೂರಿನಿಂದ ಬಂದ ಗುಮಾಸ್ತ. ಏಳನೇ ಕ್ಲಾಸಿನಲ್ಲಿ ಶಾಲೆಯವರು ಥಾರ್ನ್‌ಬಿಯ ಕಥೆಯನ್ನು ನಾಟಕ ಆಡಿಸಿದರು. ಇಡೀ ತರಗತಿಗೆ ಕರ್ನಾಟಕದವಳು ನಾನೊಬ್ಬಳೇ, ಬಣ್ಣವೂ ಕಪ್ಪು. ಟೀಚರು ಅಷ್ಟು ಸಾಲದೆಂದು ಮುಖಕ್ಕೆ ಇದ್ದಿಲ ಪುಡಿ ಬಳಿದು, ಕೈಗೆ ಕೋಲು ಕೊಟ್ಟು, ಬೈಡರೀ ಅಂತ ಜೋರಾಗಿ ಕಿರುಚು ಎಂದರು. ಗಂಟಲು ಹರಿಯುವಂತೆ ಕಿರುಚಿದೆ. ಮೊದಲ ಬಹುಮಾನ ಬಂತು. ಬಹುಮಾನದ ಆ ಸ್ಟೀಲ್ ಲೋಟದಲ್ಲಿ ನಿನ್ನೆಯವರೆಗೂ ನೀರು ಕುಡಿದಿದ್ದೇನೆ.

ನಿನ್ನೆ ಆದದ್ದು ಇಷ್ಟು. ಜನಕಪುರಿಯಲ್ಲಿ ಇನಾಮದಾರರ ಬಾಡಿಗೆ ಮನೆಗೆ ಹೋಗಿದ್ದೆ. ನನ್ನನ್ನು ಈ ಕೇಸಿಗೆ ಕರೆದವರು ಅವರಲ್ಲ, ಅವರ ಹೆಂಡತಿ ರತ್ನಪ್ರಭಾ. ಗಂಡ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ ಎಂದು ಆಣೆ ಹಾಕಿ ಹೇಳಿದ ಹೆಣ್ಣುಮಗಳು. ಇನಾಮದಾರರು ಮಾತ್ರ ತಲೆ ಎತ್ತಲಿಲ್ಲ. ಹೆಸರಿಗೆ ಇನಾಮದಾರ, ಇರುವುದು ಎರಡು ಕೋಣೆ ಎಂದು ನಾನು ನಗಿಸಲು ನೋಡಿದೆ. ಭೂಮಿಯೆಲ್ಲ ಅಜ್ಜನ ಕಾಲಕ್ಕೇ ಹೋಯಿತು ಎಂದಷ್ಟೇ ಹೇಳಿದರು. ಅವರ ಊರು ಕರಿಗುಡ್ಡವೇ ಎಂದು ಗೊತ್ತಾದಾಗ ನನಗೆ ಮೈ ಜುಂ ಎಂದಿತು. ಆ ದಿನದ ಬಗ್ಗೆ ಮನೆಯಲ್ಲಿ ಏನಾದರೂ ನೆನಪಿದೆಯೇ ಎಂದು ಕೇಳಿದೆ.

“ನಮ್ಮ ಹಿರ್ಯಾರು ಅವತ್ತು ಅಲ್ಲೇ ಇದ್ರು,” ಎಂದರು. “ಬಿಟ್ಟುಬಿಡ್ರಿ ಮೇಡಂ. ಹೋಗಿದ್ದು ಹೋತು.”

ಸತ್ತವರ ವಂಶದವರು ಎಂದುಕೊಂಡು ನಾನು ಆ ಮಾತನ್ನು ಮುಂದಕ್ಕೆ ಎಳೆಯಲಿಲ್ಲ.

ಆಮೇಲೆ ಅವರು ಒಂದು ಹಾಳೆ ಎಳೆದುಕೊಂಡು ಪೆನ್ನು ತೆಗೆದರು. ಪುಸ್ತಕ ಕಳೆದುಹೋದ ಹೊಣೆ ನನ್ನದೇ ಎಂದು ಒಪ್ಪಿಕೊಳ್ಳುವ ಪತ್ರ. ರತ್ನಪ್ರಭಾ ಅಡುಗೆಮನೆಯಿಂದ ಓಡಿಬಂದು ಗಂಡನ ಕೈ ಹಿಡಿದುಕೊಂಡರು. “ಸಹಿ ಮಾಡಬ್ಯಾಡ್ರಿ. ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ.”

ಥಾರ್ನ್‌ಬಿಯ ಕಾದಂಬರಿ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಇಂಗ್ಲಿಷಿನ ಆ ಏಳು ಅಕ್ಷರಗಳ ಮೇಲೆ ಬೆರಳಿಟ್ಟೆ. ಟೀಚರು ಹೇಳಿಕೊಟ್ಟ ಹಾಗೆ ಓದಿದರೆ ಬೈಡರೀ. ಬಿಜಾಪುರದವರ ಬಾಯಲ್ಲಿ ಓದಿದರೆ ಬ್ಯಾಡ್ರಿ.

ಅದು ರಣಘೋಷವಲ್ಲ. ಬೇಡ, ದಯವಿಟ್ಟು ಬೇಡ ಎನ್ನುವ ಮಾತು. ಆ ಜನ ಸಾಹೇಬನಿಗೆ ಕೈಮುಗಿದು ಬೇಡಿಕೊಳ್ಳುತ್ತಿದ್ದರು. ನಾನು ಅದನ್ನು ಮುಖಕ್ಕೆ ಮಸಿ ಬಳಿದುಕೊಂಡು, ಕೋಲು ಎತ್ತಿಕೊಂಡು ಕಿರುಚಿ, ಬಹುಮಾನ ಇಸಿದುಕೊಂಡಿದ್ದೆ. ನಿನ್ನೆ ರಾತ್ರಿ ಆ ಲೋಟವನ್ನು ಕಸದ ಡಬ್ಬಿಗೆ ಎಸೆದೆ. ಉರಿ ಆರಲಿಲ್ಲ.

“ಮೇಡಂ,” ಎಂದೆ ಈಗ, “ನಿಮ್ಮ ತಾಯಿಯ ತವರು ಧಾರವಾಡ ಅಲ್ವಾ?”

ಅವರು ಚಹಾ ಕಲಕುವುದನ್ನು ನಿಲ್ಲಿಸಿದರು.

“ಮುನ್ನುಡಿಯಲ್ಲಿ ನೀವೇ ಬರೆದಿದ್ದೀರಿ. ಅಜ್ಜಿಯ ಮಡಿಲಲ್ಲಿ ಕನ್ನಡ ಕಲಿತೆ ಅಂತ. ಹಾಗಿದ್ದೂ ಬ್ಯಾಡ್ರಿ ಅನ್ನೋ ಮಾತು ನಿಮಗೆ ತಿಳೀಲಿಲ್ವಾ?”

ಹೊರಗೆ ಕ್ವಾರ್ಟರ್ಸಿನ ಗೋಡೆಗೆ ಬಿಡಿಸಿದ ದೊಡ್ಡ ಬಣ್ಣದ ಚಿತ್ರದ ಮುಂದೆ ಯಾರೋ ಫೋಟೋ ತೆಗೆಸಿಕೊಳ್ಳುತ್ತ ನಗುತ್ತಿದ್ದರು. ಭಾನುವಾರ ಬಂದರೆ ಈ ಓಣಿಗಳಲ್ಲಿ ಅದೇ ಗದ್ದಲ. ಶ್ರೀಲಕ್ಷ್ಮಿ ಮೇಡಂ ಎದ್ದು ಕಿಟಕಿ ಮುಚ್ಚಿ ಬಂದು ಕುಳಿತರು. ಕುಳಿತುಕೊಳ್ಳುವ ಮುಂಚೆ ಒಮ್ಮೆ ಒಳಕೋಣೆಯ ಬಾಗಿಲ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆಮೇಲೆ ಹೇಳಿದರು, ಯಾವ ನಾಚಿಕೆಯೂ ಇಲ್ಲದೆ. ಮೊದಲ ಕರಡಿನಲ್ಲಿ ಸರಿಯಾದ ಅರ್ಥವನ್ನೇ ಬರೆದಿದ್ದರಂತೆ. ಗುರುಗ್ರಾಮದ ಕಂಪನಿಯವರು ಫೋನು ಮಾಡಿದರಂತೆ. ಸರಣಿಯ ಶೀರ್ಷಿಕೆ ಸಂಗೀತವನ್ನು ಆ ಘೋಷದ ಮೇಲೆಯೇ ಕಟ್ಟಿದ್ದಾರೆ. ನೂರು ನಗಾರಿ, ಇನ್ನೂರು ಗಂಟಲು. ಅದರ ಅರ್ಥ ‘ದಯವಿಟ್ಟು ಬೇಡ’ ಅಂತಾದರೆ ನಗಾರಿ ಬಾರಿಸುವುದು ಹೇಗೆ ಎಂದು ಕೇಳಿದರಂತೆ.

“ನಾನು ಒಂದು ಸಾಲು ತೆಗೆದೆ, ಅಷ್ಟೇ,” ಎಂದರು. “ಸಾಹಿತ್ಯವನ್ನ ಸಾಹಿತ್ಯವಾಗಿ ನೋಡ್ಬೇಕು ವಾಸಂತಿ. ಆ ಕಾಲದ ದೃಷ್ಟಿಕೋನ ಹಾಗಿತ್ತು. ಕಥೆ ಓಡ್ಬೇಕಲ್ಲ.”

ಕಥೆ ಓಡಬೇಕು! ಸಾಹೇಬನಿಗಾದರೂ ಭಾಷೆ ಬರುತ್ತಿರಲಿಲ್ಲ. ಈ ತಾಯಿಗೆ ಬರುತ್ತದೆ. ಅಜ್ಜಿಯ ಮಡಿಲಲ್ಲಿ ಕಲಿತ ಮಾತನ್ನು ಅಜ್ಜಿಯ ನೆಲದವರ ಗಂಟಲಿನಿಂದಲೇ ಕಿತ್ತು ನಗಾರಿಯವರ ಕೈಗೆ ಕೊಟ್ಟಿದ್ದರು. ನೂರೈವತ್ತು ವರ್ಷದ ಹಿಂದಿನ ಸಾಹೇಬನ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಹತ್ತು ಪಟ್ಟು ಈ ಚಹಾದ ಕಪ್ಪಿನ ಮೇಲೆ ಬಂತು. ಅದನ್ನು ಎತ್ತಿ ಗೋಡೆಗೆ ಬಡಿಯುವ ಆಸೆಯಾಯಿತು. ಬಡಿಯಲಿಲ್ಲ. ಸಕ್ಕರೆ ಹಾಕಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕಪ್ಪು ಕೆಳಗಿಟ್ಟೆ.

“ಸಾಲು ತೆಗೆದ್ರಿ. ಆಮೇಲೆ ಆ ಸಾಹೇಬನ ಸ್ವಂತ ಟಿಪ್ಪಣಿ ಪುಸ್ತಕ ಯಾರಾದ್ರೂ ಓದಿದ್ರೆ ನಿಮ್ಮ ಪದಕೋಶ ಸುಳ್ಳು ಅಂತ ಬಯಲಾಗುತ್ತೆ. ಅದಕ್ಕೆ ಅದನ್ನೂ ತೆಗೆದ್ರಿ. ಒಬ್ಬ ಬಡಪಾಯಿ ಜೈಲಿಗೆ ಹೋದ್ರೂ ಪರವಾಗಿಲ್ಲ ಅಂತ ಸುಮ್ಮನಿದ್ರಿ. ಒಳಗಿನ ಕೋಣೆಯಿಂದ ತಂದುಕೊಡಿ ಮೇಡಂ. ಬಜೆ ವಾಸನೆ ಇಲ್ಲಿಗೇ ಹೊಡೀತಿದೆ.”

ಅವರು ಇಲ್ಲ ಎನ್ನಲಿಲ್ಲ. ಒಂದು ಕ್ಷಣ ನನ್ನನ್ನು ನೋಡಿದ ರೀತಿಯಲ್ಲಿ ಭಯ ಇರಲಿಲ್ಲ. ಪರೀಕ್ಷೆಯಲ್ಲಿ ಅರ್ಧ ಉತ್ತರ ಬರೆದು ಎದ್ದು ಹೊರಟ ವಿದ್ಯಾರ್ಥಿನಿಯನ್ನು ನೋಡುವ ಹಾಗಿತ್ತು. “ಚಲೋ,” ಎಂದು ಎದ್ದು ಒಳಗೆ ಹೋದರು.

ವಾಪಸು ಬಂದಾಗ ಕೈಯಲ್ಲಿ ಕೆಂಪು ಬಟ್ಟೆಯ ಗಂಟು. ಮೇಜಿನ ಮೇಲಿಟ್ಟು ನನ್ನ ಕಡೆಗೆ ತಳ್ಳಿದರು. ನನ್ನ ಎದೆ ಹಗುರಾಯಿತು. ನಾಳೆ ಹತ್ತಕ್ಕೆ ಇದನ್ನು ಮಂಡಳಿಯ ಮುಂದೆ ಇಟ್ಟರೆ ಇನಾಮದಾರರ ತಲೆಯ ಮೇಲಿನ ಕತ್ತಿ ಇಳಿಯುತ್ತದೆ. ಬ್ಯಾಡ್ರಿ ಎಂದು ಕೂಗಿ ಸತ್ತವರ ಮಾತೂ ಹೊರಗೆ ಬರುತ್ತದೆ. ರತ್ನಪ್ರಭಾಗೆ ಈಗಲೇ ಫೋನು ಮಾಡಬೇಕು ಅನ್ನಿಸಿತು.

“ನಾನು ಕದ್ದಿಲ್ಲ,” ಎಂದರು ಶ್ರೀಲಕ್ಷ್ಮಿ ಮೇಡಂ. “ಬುಧವಾರ ಮಧ್ಯಾಹ್ನ ಇನಾಮದಾರರೇ ತಂದುಕೊಟ್ಟರು.”

ಎಂಥ ಬಣ್ಣದ ಸುಳ್ಳು ಎಂದು ನಕ್ಕೆ. ಆದರೆ ಗಂಟು ಬಿಚ್ಚಲು ಹೋದ ನನ್ನ ಬೆರಳು ಅಲ್ಲೇ ನಿಂತಿತು. ಅದು ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ನಿನ್ನೆ ಬೆಳಗ್ಗೆ ಭಂಡಾರದಲ್ಲಿ ನಾನು ತಡಕಾಡಿದ ಇನ್ನೂರು ಗಂಟುಗಳೂ ಹೀಗೇ ಇದ್ದವು. ಬಿಚ್ಚಲು ಬಾರದೆ ಉಗುರು ಮುರಿದುಕೊಂಡಿದ್ದೆ. ಇನಾಮದಾರರ ಹೊರತು ಬೇರೆ ಯಾರಿಗೂ ಅದನ್ನು ಹಾಕಲು ಬರುವುದಿಲ್ಲ ಎಂದು ಅಲ್ಲಿನ ಜವಾನ ಕಿಶನ್ ಹೇಳಿ ನಕ್ಕಿದ್ದ.

ಯಾಕೆ ತಂದುಕೊಟ್ಟರು ಎಂದು ಕೇಳಿದೆ. ಗುರುವಾರ ಕಂಪನಿಯವರು ಬಂದು ಪುಸ್ತಕದ ಒಂದೊಂದು ಪುಟದ ಫೋಟೋ ತೆಗೆಯುವುದಿತ್ತು ಎಂದರು. ಇನಾಮದಾರರಿಗೆ ಅದು ಆಗಬಾರದಿತ್ತು. ತಿಂಗಳೊಪ್ಪತ್ತು ಬಚ್ಚಿಟ್ಟುಕೊಳ್ಳಿ ಎಂದು ಅತ್ತರಂತೆ. ಮೂವತ್ತೊಂದು ವರ್ಷ ಪುಸ್ತಕ ಕಾದ ಕೈ, ಒಂದು ಪುಟ ಹರಿಯಲು ಬರಲಿಲ್ಲ ಎಂದರಂತೆ. ಪದಕೋಶದ ಸಾಲು ತೆಗೆದವರು ಈ ಗುಟ್ಟನ್ನೂ ಕಾಯುತ್ತಾರೆ ಎಂದು ನಂಬಿ ಬಂದಿದ್ದರು.

“ನಲವತ್ಮೂರನೇ ಪುಟ ನೋಡಿ,” ಎಂದರು ಮೇಡಂ. “ನಿಮ್ಮ ಸಿಟ್ಟು ನನ್ನ ಮೇಲೆ ಇನ್ನೂ ಎಷ್ಟು ಉಳಿಯುತ್ತೆ ಅಂತ ಆಮೇಲೆ ಹೇಳಿ.”

ನಲವತ್ಮೂರು. ಆ ಸಂಖ್ಯೆಯನ್ನು ಎಲ್ಲೋ ನೋಡಿದ್ದೆ. ಫೋನು ತೆಗೆದು ನಿನ್ನೆ ಭಂಡಾರದಲ್ಲಿ ತೆಗೆದ ಫೋಟೋಗಳನ್ನು ಹುಡುಕಿದೆ. ಭಂಡಾರದ ಸೂಚಿಯಲ್ಲಿ ಥಾರ್ನ್‌ಬಿಯ ಪುಸ್ತಕದ ಕೆಳಗೆ ದುಂಡನೆಯ ಅಕ್ಷರದ ಒಂದು ನಮೂದು. ‘ಪುಟ ೪೩: ಒಂದು ಸಾಲು ದೇಸೀ ಲಿಪಿ. ಓದಲಾಗಿಲ್ಲ.’

ಸೂಚಿ ಬರೆದವರು ಇನಾಮದಾರರು. ಆ ಪುಸ್ತಕದಲ್ಲಿ ಯಾವ ದೇಸೀ ಲಿಪಿ ಇದ್ದೀತು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಇಡೀ ಭಂಡಾರದಲ್ಲಿ ಕನ್ನಡ ಓದಲು ಬರುವ ಒಬ್ಬನೇ ಮನುಷ್ಯ ಕನ್ನಡವನ್ನು ಓದಲಾಗಿಲ್ಲ ಎಂದು ಬರೆದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪುಟ ತೆರೆದೆ. ಬಜೆಯ ಪುಟ್ಟ ಗಂಟು ಜಾರಿ ಮೇಜಿನ ಮೇಲೆ ಬಿತ್ತು. ಮಾಸಿದ ಶಾಯಿ, ಅವಸರದ ಇಂಗ್ಲಿಷು. ಕಾದಂಬರಿಯಲ್ಲಿ ಮುನ್ನೂರಿದ್ದ ಕಾಡುಜನ ಇಲ್ಲಿ ತೊಂಬತ್ತು ಜನ ಗಂಡಸರು, ಹೆಂಗಸರು. ಕತ್ತಿ ಒಂದೂ ಇಲ್ಲ. ಕುಡುಗೋಲು ಹದಿನೇಳು, ಅವನ್ನೂ ಚಾವಡಿಯ ಮುಂದೆ ತಾವೇ ತಂದು ರಾಶಿ ಹಾಕಿದ್ದರು. ಸಿಪಾಯಿಗಳು ಕಾಳಿನ ಹಗೇವಿಗೆ ಬೆಂಕಿ ಹಚ್ಚಲು ಹೋದಾಗ ಎಲ್ಲರೂ ಕೂಗುತ್ತ ಮುಂದೆ ಬಂದರು. ಆಮೇಲೆ ಈ ಸಾಲುಗಳು.

‘ಅವರು ಏನು ಹೇಳುತ್ತಿದ್ದಾರೆ ಎಂದು ಮುನ್ಷಿಯನ್ನು ಕೇಳಿದೆ. ಕೊಲ್ಲಿರಿ ಎನ್ನುತ್ತಿದ್ದಾರೆ ಎಂದ. ಗುಂಡು ಹಾರಿಸಲು ಆಜ್ಞೆ ಕೊಟ್ಟೆ. ಅರವತ್ತೆರಡು ಬಿದ್ದರು. ನಮ್ಮ ಕಡೆ ಒಬ್ಬನಿಗೂ ಗಾಯವಿಲ್ಲ. ಮುಂದೆ ಪ್ರಶ್ನೆ ಬಂದರೆ ಇರಲಿ ಎಂದು ಮುನ್ಷಿಯ ಕೈಯಲ್ಲೇ ಅರ್ಥ ಬರೆಸಿಕೊಂಡಿದ್ದೇನೆ.’

ಅದರ ಕೆಳಗೆ, ಬೇರೆ ಕೈಯ, ನೆಟ್ಟಗಿನ ಕನ್ನಡದ ಒಂದು ಸಾಲು.

‘ಬ್ಯಾಡ್ರಿ ಅಂದರ ಕೊಲ್ಲರಿ ಅಂತ ಅರ್ಥ. ಖರೆ ಬರದೀನಿ. ಮುನಶಿ ಗುಂಡಣ್ಣ, ಸಾಕೀನ ಕರಿಗುಡ್ಡ.’

ಅದರ ಕೆಳಗೆ ಮತ್ತೆ ಸಾಹೇಬನ ಇಂಗ್ಲಿಷು. ‘ಈ ಸೇವೆಗಾಗಿ ಕ್ಯಾರಿಗುಡ್‌ನ ಸಮಸ್ತ ಭೂಮಿಯನ್ನು ಇವನಿಗೆ ಇನಾಮು ಕೊಡಲು ಶಿಫಾರಸು ಮಾಡಿದ್ದೇನೆ.’

ನನ್ನ ಚೀಲದಲ್ಲಿ ಆಡಳಿತ ಮಂಡಳಿಯ ನೋಟಿಸಿನ ಪ್ರತಿ ಇತ್ತು. ತೆಗೆದು ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಆಪಾದಿತನ ಪೂರ್ತಿ ಹೆಸರು: ಮಲ್ಲಿಕಾರ್ಜುನ ಗುಂಡಣ್ಣ ಇನಾಮದಾರ. ನಡುವಿನದು ಅಪ್ಪನ ಹೆಸರು. ಆ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತ ಬರುತ್ತಾರೆ. ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಹಾಗೇ ಇಳಿದು ಬಂದಿತ್ತು.

ನಮ್ಮ ಹಿರಿಯರು ಅವತ್ತು ಅಲ್ಲೇ ಇದ್ದರು ಎಂದಿದ್ದರು. ಸುಳ್ಳು ಹೇಳಿರಲಿಲ್ಲ. ಯಾವ ಕಡೆ ನಿಂತಿದ್ದರು ಎಂದು ನಾನು ಕೇಳಿರಲಿಲ್ಲ.

ಮುನ್ಷಿ ಗುಂಡಣ್ಣ ಅದೇ ಊರಿನವನು, ಆ ಊರಿನ ಭಾಷೆ ಬಲ್ಲವನು. ಬ್ಯಾಡ್ರಿ ಎಂದರೇನು ಎಂದು ಹುಟ್ಟಿದಾಗಿನಿಂದ ಗೊತ್ತಿದ್ದವನು. ಮುಂದೆ ನಿಂತು ಕೂಗುತ್ತಿದ್ದವರಲ್ಲಿ ಅವನ ನೆರೆಯವರಿದ್ದರು, ಅವನಿಗೆ ಮಜ್ಜಿಗೆ ಕೊಟ್ಟ ಹೆಂಗಸರಿದ್ದರು. ಒಂದೇ ಒಂದು ಮಾತು ಸರಿಯಾಗಿ ಹೇಳಿದ್ದರೆ ಸಾಕಿತ್ತು. ಅವನು ಹೊಲ ಲೆಕ್ಕ ಹಾಕಿದ. ಸಾಹೇಬನ ಮೇಲೆ ಇದ್ದ ಸಿಟ್ಟು, ಶ್ರೀಲಕ್ಷ್ಮಿ ಮೇಡಂ ಮೇಲೆ ಇದ್ದ ಸಿಟ್ಟು ಎರಡೂ ಈಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸುತ್ತಿದವು.

ಪುಸ್ತಕ ನಾಳೆ ಮಂಡಳಿಯ ಮೇಜಿಗೆ ಹೋಗಬೇಕು. ನಲವತ್ಮೂರನೇ ಪುಟ ಓದಿದರೆ ಅರವತ್ತೆರಡು ಜನರ ಕೊನೆಯ ಮಾತಿಗೆ ಅದರ ಅರ್ಥ ವಾಪಸು ಸಿಗುತ್ತದೆ. ಪುಸ್ತಕ ಎತ್ತಿಕೊಂಡು ಹೋದವರು ಯಾರು, ಯಾಕೆ ಎಂಬುದೂ ಅದೇ ಪುಟದಿಂದ ಹೊರಬೀಳುತ್ತದೆ. ಓದದಿದ್ದರೆ ನನ್ನ ಕಕ್ಷಿದಾರಳ ಗಂಡ ಜೈಲಿಗಲ್ಲ, ಮನೆಗೆ ಹೋಗುತ್ತಾನೆ, ಇನ್ನೂರು ಗಂಟಲು ನಗಾರಿಯ ಜೊತೆ ಕಿರುಚುತ್ತವೆ.

ಫೋನು ಬಡಿದುಕೊಂಡಿತು. ಜನಕಪುರಿಯ ನಂಬರು.

“ಸಿಕ್ಕತೇನ್ರಿ ಮೇಡಂ?” ಇನಾಮದಾರರ ದನಿ. ಹಿಂದೆ ರತ್ನಪ್ರಭಾ, ಯಾರು, ಏನಂತೆ, ಪುಸ್ತಕ ಸಿಕ್ಕಿತಾ ಎಂದು ಕೇಳುತ್ತಿದ್ದುದು ಕೇಳಿಸಿತು. ಆ ಹೆಣ್ಣುಮಗಳಿಗೆ ಏನೂ ಗೊತ್ತಿರಲಿಲ್ಲ.

“ಸಿಕ್ಕಿತು. ನಲವತ್ಮೂರನೇ ಪುಟ ನನ್ನ ಮುಂದೆ ತೆರೆದೇ ಇದೆ.”

ಬಾಗಿಲು ಎಳೆದುಕೊಂಡ ಸದ್ದಾಯಿತು. ಹೆಂಡತಿಯ ದನಿ ದೂರವಾಯಿತು.

“ನಾಳೆ ಅಲ್ಲಿ ಅದನ್ನ ಓದಬ್ಯಾಡ್ರಿ,” ಎಂದರು. ಆ ಮುದಿಮನುಷ್ಯನ ದನಿ ಒಡೆಯಿತು. “ಬ್ಯಾಡ್ರಿ ಮೇಡಂ. ಕೈ ಮುಗೀತೀನಿ. ಬ್ಯಾಡ್ರಿ.”

ಫೋನು ಕಿವಿಗೇ ಇತ್ತು. ಪುಟದ ಮೇಲಿನ ನನ್ನ ಕೈ ಎತ್ತಲಾಗಲಿಲ್ಲ. ಶ್ರೀಲಕ್ಷ್ಮಿ ಮೇಡಂ ಮೇಜಿನ ಆ ಕಡೆಯಿಂದ ಮುಂದಕ್ಕೆ ಬಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಅವರು ಏನು ಹೇಳ್ತಿದ್ದಾರೆ?” ಎಂದು ಕೇಳಿದರು.